ಇನ್ನೂ ಆರು ವರ್ಷ ಬಾಕಿ ಇತ್ತು

2001ರಲ್ಲಿ ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರಿನಲ್ಲಿ ಭರ್ತಿಯಾದಾಗ ನನಗೆ ಹದಿನೆಂಟು ತುಂಬಿತ್ತು. 2019ರಲ್ಲಿ ಹವಾಲ್ದಾರನಾಗಿ ಅದೇ ಸೆಂಟರಿನಿಂದ ಡಿಸ್ಚಾರ್ಜ್ ಬುಕ್ ತೆಗೆದುಕೊಂಡು ಹೊರಬಂದೆ. ಹವಾಲ್ದಾರನಿಗೆ 24 ವರ್ಷದ ಸೇವೆ ಇರುತ್ತದೆ. ನನಗಿನ್ನೂ ಆರು ವರ್ಷ ಬಾಕಿ ಇತ್ತು. ಮೈಯಲ್ಲಿ ಗಾಯ ಇರಲಿಲ್ಲ, ಮೇಲಿನವರ ಜೊತೆ ಜಗಳ ಇರಲಿಲ್ಲ, ಯಾರೂ ಹೋಗು ಅಂದಿರಲಿಲ್ಲ. ನಾನೇ ಅರ್ಜಿ ಬರೆದುಕೊಟ್ಟು ಬಂದೆ. ನಮ್ಮ ಕಡೆಯ ಹುಡುಗರು ರಜೆಗೆ ಬಂದಾಗ ಈಗಲೂ ನನ್ನ ಹತ್ತಿರ ಕೂತು ಕೇಳುವುದು ಇದನ್ನೇ: ಯಾಕೆ ಬಿಟ್ರಿ, ಹೆಂಗ ತೀರ್ಮಾನ ಮಾಡಿದ್ರಿ? ಒಬ್ಬೊಬ್ಬರಿಗೆ ಹೇಳುವುದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ನಮ್ಮದು ರಾಮದುರ್ಗ ತಾಲ್ಲೂಕಿನಲ್ಲಿ ಮಲಪ್ರಭೆಯ ದಂಡೆಯ ಒಂದು ಊರು. ನಾಲ್ಕು ಎಕರೆ ಎರೆ ಹೊಲ, ಮಳೆ ಬಂದರೆ ಬೆಳೆ. ನಮ್ಮ ಕಡೆ ಮನೆಗೊಬ್ಬ ಮಿಲಿಟರಿಗೆ ಹೋಗುವುದು ಹೊಸದಲ್ಲ. ನನ್ನ ಪಗಾರದಲ್ಲೇ ತಂಗಿಯ ಮದುವೆಯಾಯಿತು, ಮನೆಗೆ ಆರ್‌ಸಿಸಿ ಬಿತ್ತು, ಹೊಲದಲ್ಲಿ ಬೋರ್‌ವೆಲ್ ಕೊರೆಸಿದೆವು. ಸೈನ್ಯ ನಮಗೆ ಅನ್ನ ಕೊಟ್ಟಿದೆ, ಮರ್ಯಾದೆ ಕೊಟ್ಟಿದೆ. ಅದನ್ನು ಬಿಡುವ ಯೋಚನೆ ಬಂದಾಗ ಮನಸ್ಸಿಗೆ ಅಷ್ಟು ಭಾರವಾದದ್ದು ಅದಕ್ಕೇ.

2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನ ಸೋನಮ್ ಪೋಸ್ಟಿನ ಮೇಲೆ ಹಿಮ ಕುಸಿದು ಹತ್ತು ಮಂದಿ ಅದರಡಿ ಸಿಕ್ಕಿಕೊಂಡರು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ಮೇಲೂ ಜೀವಂತ ಸಿಕ್ಕಾಗ ನಮ್ಮ ಭಾಗದಲ್ಲಿ ದೇವರಿಗೆ ಕೈಮುಗಿಯದ ಮನೆ ಇರಲಿಲ್ಲ. ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ನಮ್ಮವ್ವ ಅಷ್ಟೂ ದಿನ ಟಿವಿ ಮುಂದಿನಿಂದ ಎದ್ದಿರಲಿಲ್ಲವಂತೆ. ಅಲ್ಲಿಯವರೆಗೆ ಫೋನಿನಲ್ಲಿ ‘ರಜಾ ಯಾವಾಗಪಾ?’ ಎಂದು ಕೇಳುತ್ತಿದ್ದವಳು ಆಮೇಲೆ ‘ಪೂರ್ತಿ ಯಾವಾಗ ಬರ್ತಿ?’ ಎಂದು ಕೇಳತೊಡಗಿದಳು. ನಾನು ಮಾತು ಹಾರಿಸುತ್ತಿದ್ದೆ.

2017ರ ಚಳಿಗಾಲದಲ್ಲಿ ಕುಪ್ವಾರಾ ಜಿಲ್ಲೆಯ ಮಾಛಿಲ್ ಕಡೆ ಇದ್ದೆವು. ಝಡ್ ಗಲಿ ಎಂಬ ಕಣಿವೆದಾರಿಯಲ್ಲಿ ಹಿಮ ಬಿದ್ದರೆ ಮಾಛಿಲ್ ರಸ್ತೆ ಮುಚ್ಚುತ್ತದೆ. ಆಮೇಲೆ ರೇಷನ್, ಸೀಮೆಎಣ್ಣೆ, ಔಷಧಿ ಎಲ್ಲವೂ ಮೊದಲೇ ಶೇಖರಿಸಿಟ್ಟದ್ದೇ. ಮನೆಗೆ ಮಾತಾಡಲು ಡಿಎಸ್‌ಪಿಟಿ ಅನ್ನುವ ಸ್ಯಾಟಲೈಟ್ ಫೋನು. ಅದಕ್ಕೆ ಸರತಿ. ನಾವು ಮಾತಾಡಿದ್ದು ಆ ಕಡೆ ತಲುಪಲು ಒಂದು ಕ್ಷಣ ತಡ, ಅವರ ಮಾತು ಇಲ್ಲಿ ತಲುಪಲು ಒಂದು ಕ್ಷಣ ತಡ. ನಡುವೆ ಇಬ್ಬರೂ ಒಟ್ಟಿಗೆ ಮಾತಾಡಿಬಿಟ್ಟರೆ ಯಾರದ್ದೂ ತಿಳಿಯುವುದಿಲ್ಲ. ಹಾಗೆ ಒಂದು ಸಂಜೆ ನನ್ನ ಸರತಿಯಲ್ಲಿ ಹೆಂಡತಿ, ‘ಅಪ್ಪಾರಿಗೆ ಲಕ್ವಾ ಹೊಡದೈತ್ರಿ, ಹುಬ್ಬಳ್ಳಿ ದವಾಖಾನಿಗೆ ಕರ್ಕೊಂಡ್ ಬಂದೀವಿ’ ಅಂದಳು. ನಾನು ಏನೋ ಕೇಳಿದೆ, ಅವಳೂ ಏನೋ ಹೇಳುತ್ತಿದ್ದಳು, ಎರಡೂ ಸೇರಿಹೋದವು. ಹಿಂದೆ ಇನ್ನೂ ಹುಡುಗರು ನಿಂತಿದ್ದರು. ಫೋನ್ ಇಟ್ಟು ಬಂಕರಿಗೆ ಬಂದೆ. ಆ ರಾತ್ರಿ ನನ್ನದು ಸಂತ್ರಿ ಡ್ಯೂಟಿ ಇತ್ತು, ಮಾಡಿದೆ.

ಕಂಪನಿ ಕಮಾಂಡರ್ ರಜೆ ತಕ್ಷಣ ಮಂಜೂರು ಮಾಡಿದರು. ಆದರೆ ದಾರಿ ತೆರೆಯಬೇಕಲ್ಲ. ಹವಾಮಾನ ಸರಿಯಾಗಿ ನಾನು ಕೆಳಗಿಳಿದು ಊರು ಮುಟ್ಟುವಷ್ಟರಲ್ಲಿ ಅಪ್ಪ ಆಸ್ಪತ್ರೆಯಿಂದ ಮನೆಗೆ ಬಂದಾಗಿತ್ತು. ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಆ್ಯಂಬುಲೆನ್ಸ್ ಕರೆಸಿದ್ದು, ರಕ್ತಕ್ಕೆ ಓಡಾಡಿದ್ದು, ಸಾಲ ತಂದದ್ದು, ಸಹಿ ಹಾಕಿದ್ದು ಎಲ್ಲ ಹೆಂಡತಿ. ಎಂಟನೆಯ ಇಯತ್ತೆಯಲ್ಲಿದ್ದ ಮಗಳು ಅಜ್ಜನಿಗೆ ಊಟ ಮಾಡಿಸುತ್ತಿದ್ದಳು. ನಾನು ಹತ್ತಿರ ಹೋಗಿ ಕೂತರೆ ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಎದ್ದು ಒಳಗೆ ಹೋಗುತ್ತಿದ್ದಳು. ಸಿಟ್ಟಿನಿಂದ ಹಾಗೆ ಮಾಡುತ್ತಿರಲಿಲ್ಲ. ಅವಳಿಗೆ ನಾನು ವರ್ಷಕ್ಕೆ ಎರಡು ಸಲ ಬರುವ ನೆಂಟ.

ರಜೆ ಮುಗಿಯುವ ಹೊತ್ತಿಗೆ ಹೆಂಡತಿಯನ್ನು ಕೇಳಿದೆ, ಬಿಟ್ಟು ಬರಲೇ ಎಂದು. ಅವಳು ಹೇಳಿದ ಮಾತು ಹಾಗೇ ನೆನಪಿದೆ: ‘ಬರ್ರಿ ಅಂತ ನಾ ಅನ್ನೂದಿಲ್ಲ, ಇರ್ರಿ ಅಂತನೂ ಅನ್ನೂದಿಲ್ಲ. ನನ್ನಿಂದ ನಡೀತೈತಿ. ಆದ್ರ ಮಗಳಿಗೆ ನಿಮ್ಮ ಜೋಡಿ ಏನ್ ಮಾತಾಡಬೇಕು ತಿಳೀವಲ್ದು, ಅದನ್ನಷ್ಟ ನೋಡ್ರಿ.’ ಅಪ್ಪ ಮಾತ್ರ ಒಪ್ಪಲಿಲ್ಲ. ಮಾತು ತೊದಲುತ್ತಿತ್ತು. ಆದರೂ ಎಡಗೈಯಲ್ಲಿ ನನ್ನ ಕೈ ಹಿಡಿದು, ‘ಸರಕಾರಿ ಅನ್ನ ಬಿಡಬ್ಯಾಡಪಾ, ನಾ ಇವತ್ತ ಇರ್ತೀನಿ ನಾಳೆ ಇಲ್ಲ’ ಅಂದ. ಯಾರಿಗಾಗಿ ಬಿಡಬೇಕೆಂದುಕೊಂಡಿದ್ದೆನೋ ಅವನೇ ಬೇಡವೆಂದರೆ ಏನು ಮಾಡಬೇಕು?

ಮುಂದಿನ ತಿಂಗಳುಗಳು ನನ್ನ ಸೇವೆಯ ಅತ್ಯಂತ ಕಷ್ಟದ ಕಾಲ. ಗುಂಡಿಗೆ, ಚಳಿಗೆ ತಯಾರಿ ಕೊಟ್ಟಿದ್ದರು; ಇದಕ್ಕೆ ಯಾವ ತಯಾರಿಯೂ ಇರಲಿಲ್ಲ. ಹದಿನೇಳು ವರ್ಷ ಎಲ್ಲಿಗೆ ಹೋಗಬೇಕು, ಏನು ಹಾಕಿಕೊಳ್ಳಬೇಕು, ಯಾವಾಗ ಏಳಬೇಕು ಎಂಬುದನ್ನೆಲ್ಲ ಆದೇಶ ತೀರ್ಮಾನಿಸಿತ್ತು. ಈಗ ಆದೇಶ ಕೊಡುವವರು ಯಾರೂ ಇಲ್ಲ. ಪಹರೆ ಮುಗಿಸಿ ಸ್ಲೀಪಿಂಗ್ ಬ್ಯಾಗಿನೊಳಗೆ ಹೊಕ್ಕರೂ ನಿದ್ದೆ ಹತ್ತುತ್ತಿರಲಿಲ್ಲ. ಬೆಳಿಗ್ಗೆ ಬಿಡುವುದೆಂದು ಗಟ್ಟಿ ಮಾಡಿಕೊಂಡಿದ್ದು ಸಂಜೆಯ ಹೊತ್ತಿಗೆ ಸಡಿಲವಾಗುತ್ತಿತ್ತು.

ಒಂದು ರಾತ್ರಿ ಲೆಕ್ಕ ಹಾಕಲು ಕೂತೆ. ಜವಾನರಿಗೆ 15 ವರ್ಷ ಸೇವೆಯಾದರೆ ಪಿಂಚಣಿ ಖಾತ್ರಿ. ಅದು ನನಗೆ ಆಗಿತ್ತು. ಮೂಲವೇತನ ಮತ್ತು ತಿಂಗಳಿಗೆ 5,200 ರೂಪಾಯಿಯ ಮಿಲಿಟರಿ ಸರ್ವಿಸ್ ಪೇ, ಎರಡೂ ಸೇರಿಸಿ ಅದರ ಅರ್ಧ ಪಿಂಚಣಿ, ಮೇಲೆ ತುಟ್ಟಿಭತ್ಯೆ. ಎತ್ತರದ ಪ್ರದೇಶದ ಭತ್ಯೆ, ಫೀಲ್ಡ್ ಭತ್ಯೆ ಇದರಲ್ಲಿ ಬರುವುದಿಲ್ಲ. ಕೈಗೆ ಬರುತ್ತಿದ್ದುದರಲ್ಲಿ ಅರ್ಧಕ್ಕಿಂತ ಕಡಿಮೆ ಉಳಿಯುತ್ತದೆ. ಎಎಫ್‌ಪಿಪಿ ಎಂಬ ಭವಿಷ್ಯ ನಿಧಿ, ಗ್ರಾಚ್ಯುಟಿ, ಗ್ರೂಪ್ ಇನ್ಶೂರೆನ್ಸ್ ಒಟ್ಟಿಗೆ ಸಿಗುತ್ತವೆ. ಪಿಂಚಣಿಯ ಒಂದು ಭಾಗವನ್ನು ಕಮ್ಯೂಟ್ ಮಾಡಿಸಿ ಮುಂಗಡ ಪಡೆಯಬಹುದು, ಆ ಭಾಗ ಮತ್ತೆ ಸೇರುವುದು 15 ವರ್ಷದ ಮೇಲೆ. ಆಸ್ಪತ್ರೆಗೆ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ ಇದೆ, ಕ್ಯಾಂಟೀನ್ ಕಾರ್ಡ್ ಇದೆ. ಇನ್ನೊಂದು ಕಡೆ, ಮೂರ್ನಾಲ್ಕು ವರ್ಷ ಕಾದರೆ ನಾಯಬ್ ಸುಬೇದಾರ್, ಅಂದರೆ ಜೆಸಿಒ, ಆಗುವ ಅವಕಾಶ ಇತ್ತು. ಪಗಾರ, ಪಿಂಚಣಿ ಎರಡೂ ಏರುತ್ತಿದ್ದವು. ಒಂದೇ ಹುದ್ದೆ, ಒಂದೇ ಅವಧಿಯ ಸೇವೆಗೆ ಒಂದೇ ಪಿಂಚಣಿ ಎಂದು 2015ರ ನವೆಂಬರಿನಲ್ಲಿ ಬಂದ ಒನ್ ರ‍್ಯಾಂಕ್ ಒನ್ ಪೆನ್ಶನ್ ಆದೇಶದಲ್ಲಿ, ಮುಂದೆ ಸ್ವಂತ ಕೋರಿಕೆಯ ಮೇಲೆ ಬಿಡುವವರನ್ನು ಹೊರಗಿಡುವ ಷರತ್ತೂ ಇತ್ತು. ಲಂಗರಿನಲ್ಲಿ ಊಟಕ್ಕೆ ಕೂತಾಗ ಎಲ್ಲರೂ ಇದನ್ನೇ ಹೇಳುತ್ತಿದ್ದರು. ಬರೀ ದುಡ್ಡಿನ ಲೆಕ್ಕದಲ್ಲಿ ಉತ್ತರ ಸ್ಪಷ್ಟವಾಗಿತ್ತು: ಇರಬೇಕು.

ಆದರೆ ಕಾಗದದ ಮೇಲೆ ನನ್ನ ವಯಸ್ಸನ್ನೂ ಬರೆದೆ. ಆಗ 35. ಪೂರ್ತಿ ಸೇವೆ ಮುಗಿಸಿದರೆ ನಲವತ್ತು ದಾಟಿರುತ್ತದೆ, ಜೆಸಿಒ ಆದರೆ ಇನ್ನೂ ಮುಂದೆ. ನನಗಿಂತ ಮೊದಲು ಪೆನ್ಶನ್ ಬಂದವರನ್ನು ಒಬ್ಬೊಬ್ಬರಾಗಿ ನೆನಪಿಸಿಕೊಂಡೆ. ನಲವತ್ತೈದರ ಮೇಲೆ ಬಂದವರಲ್ಲಿ ಹೆಚ್ಚಿನವರು ಎಟಿಎಂ ಮುಂದೆ, ಕಾರ್ಖಾನೆ ಗೇಟಿನಲ್ಲಿ ನಿಂತಿದ್ದರು. ಮೂವತ್ತೈದು ಮೂವತ್ತಾರಕ್ಕೆ ಬಂದ ಕೆಲವರು ಬ್ಯಾಂಕು, ರೈಲ್ವೆ, ಅಂಚೆ ಕಚೇರಿ ಸೇರಿದ್ದರು. ಸರ್ಕಾರಿ ಬ್ಯಾಂಕುಗಳ ಕ್ಲರ್ಕ್ ಹುದ್ದೆಗಳಲ್ಲಿ ಶೇ 14.5 ಮಾಜಿ ಸೈನಿಕರಿಗೆ ಮೀಸಲು. ಸೇವೆಯ ಅವಧಿಯ ಜೊತೆ ಮೂರು ವರ್ಷ ವಯೋಮಿತಿ ಸಡಿಲಿಕೆಯೂ ಉಂಟು. 15 ವರ್ಷ ಸೇವೆಯಾದವರಿಗೆ ಸೈನ್ಯ ಕೊಡುವ ಗ್ರಾಜುಯೇಷನ್ ಸರ್ಟಿಫಿಕೇಟನ್ನು ಆ ಮೀಸಲು ಹುದ್ದೆಗಳಿಗೆ ಒಪ್ಪುತ್ತಾರೆ. ನಿಯಮ ಐವತ್ತರವರೆಗೂ ಅವಕಾಶ ಕೊಡುತ್ತದೆ, ಆದರೆ ಓದಿ ತಲೆಗೆ ಹತ್ತಿಸಿಕೊಳ್ಳುವ ಶಕ್ತಿ ಆಗ ಇರಬೇಕಲ್ಲ. ಇನ್ನೊಂದು ಕೆಲಸ ಕಲಿಯುವ ವಯಸ್ಸು ನನಗೆ ಉಳಿದಿರುವಾಗಲೇ ಹೊರಡಬೇಕು ಎಂಬುದು ಆ ರಾತ್ರಿ ಗಟ್ಟಿಯಾಯಿತು. ಅಪ್ಪನ ಕಾಯಿಲೆ ಇಲ್ಲದಿದ್ದರೂ ಈ ಮಾತು ನಿಜವೇ. ಕಾಯಿಲೆ ಅದನ್ನು ಯೋಚಿಸುವ ಹಾಗೆ ಮಾಡಿತು ಅಷ್ಟೆ.

2018ರಲ್ಲಿ ಅರ್ಜಿ ಕೊಟ್ಟೆ. ಕಮಾಂಡಿಂಗ್ ಆಫೀಸರ್ ಸಾಹೇಬರು ಕರೆದು ಕೂರಿಸಿ ಮಾತಾಡಿದರು. ಬಡ್ತಿಯ ಮಾತು ಹೇಳಿದರು, ಮನೆಯ ಸ್ಥಿತಿ ಕೇಳಿದರು, ಯೋಚಿಸಲು ಸಮಯ ಕೊಟ್ಟರು. ಮತ್ತೆ ಹೋಗಿ ಅದೇ ಉತ್ತರ ಹೇಳಿದೆ. ಮಂಜೂರಾದ ಮೇಲೆ ಬೆಳಗಾವಿಗೆ ಬಂದು ಡಿಸ್ಚಾರ್ಜ್ ಡ್ರಿಲ್: ವೈದ್ಯಕೀಯ ತಪಾಸಣೆ, ಕಿಟ್ ಜಮಾ, ಪಿಂಚಣಿ ಕಾಗದಪತ್ರ. ಅವುಗಳಿಗೆ ಗಂಡ ಹೆಂಡತಿಯ ಜಂಟಿ ಫೋಟೊ ಬೇಕು. ಮದುವೆಯ ನಂತರ ನಾವಿಬ್ಬರೇ ಸ್ಟುಡಿಯೊಗೆ ಹೋಗಿ ತೆಗೆಸಿದ ಮೊದಲ ಫೋಟೊ ಅದು. ಕೊನೆಗೆ ಐ-ಕಾರ್ಡ್ ಒಪ್ಪಿಸಬೇಕಿತ್ತು. ಅಷ್ಟು ವರ್ಷ ಎಡಗಡೆ ಜೇಬಿನಲ್ಲಿದ್ದ ಕಾರ್ಡು ಅದು. ಮೂಲೆಗಳು ಸವೆದು ಬೆಳ್ಳಗಾಗಿದ್ದವು. ಕ್ಲರ್ಕ್ ಅದನ್ನು ತೆಗೆದುಕೊಂಡು ರಿಜಿಸ್ಟರಿನಲ್ಲಿ ಸಹಿ ಮಾಡಿಸಿದ. ಹೊರಗೆ ಬಂದು ರಸ್ತೆ ದಾಟುವಾಗ ಕೈ ತಾನಾಗಿಯೇ ಜೇಬು ಮುಟ್ಟಿ ನೋಡಿತು.

ಬಂದ ಮೇಲಿನ ಮೊದಲ ತಿಂಗಳುಗಳ ಬಗ್ಗೆ ಯಾರೂ ಎಚ್ಚರಿಸಿರಲಿಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಎಚ್ಚರವಾಗುತ್ತಿತ್ತು, ಮಾಡಲು ಕೆಲಸವಿಲ್ಲ. ಮನೆಯಲ್ಲಿ ಎಲ್ಲಕ್ಕೂ ಒಂದು ರೀತಿ ಇತ್ತು, ಆ ರೀತಿಯಲ್ಲಿ ನನಗೆ ಜಾಗ ಇರಲಿಲ್ಲ. ಹುಬ್ಬಳ್ಳಿಯ ಒಂದು ಸೆಕ್ಯೂರಿಟಿ ಏಜೆನ್ಸಿಗೆ ಹೋದೆ. ಹದಿನೆಂಟು ವರ್ಷದಲ್ಲಿ ಏನು ಮಾಡಿದ್ದೀರಿ ಎಂದು ಅವರು ಕೇಳಲೇ ಇಲ್ಲ. ಕೇಳಿದ್ದು ಒಂದೇ, ‘ಗನ್ ಲೈಸೆನ್ಸ್ ಐತೇನ್ರಿ?’ ಸ್ವಂತ ಡಬಲ್ ಬ್ಯಾರೆಲ್ ಬಂದೂಕು ಇದ್ದರೆ ಒಂದು ಪಗಾರ, ಇಲ್ಲದಿದ್ದರೆ ಇನ್ನೊಂದು. ಹತ್ತು ಜನರ ಸೆಕ್ಷನ್ ನಡೆಸಿದ್ದೆ, ಒಂದು ಪೋಸ್ಟಿನ ಇಡೀ ಚಳಿಗಾಲದ ದಾಸ್ತಾನು ಲೆಕ್ಕ ಇಟ್ಟಿದ್ದೆ, ಹೊಸ ಹುಡುಗರಿಗೆ ಕಲಿಸಿದ್ದೆ. ಇದನ್ನು ಹೇಳುವ ಜಾಗವೇ ಆ ಅರ್ಜಿಯಲ್ಲಿರಲಿಲ್ಲ. ಆ ಸಂಜೆ ಬಸ್ಸಿನಲ್ಲಿ ಬರುತ್ತ, ಉಳಿದಿದ್ದರೆ ಎಂದು ಯೋಚಿಸಿದ್ದು ನಿಜ.

2019ರ ಆಗಸ್ಟಿನಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬಿಟ್ಟು ಮಲಪ್ರಭೆ ಊರೊಳಗೆ ನುಗ್ಗಿತು. ರಾಮದುರ್ಗ ಪಟ್ಟಣವೇ ಮುಳುಗಿತ್ತು. ರಾತ್ರಿಯೇ ಓಣಿಯ ಹುಡುಗರನ್ನು ಎಬ್ಬಿಸಿ, ಮುದುಕರು ಮಕ್ಕಳನ್ನು ಮೊದಲು ದಾಟಿಸುವ ಏರ್ಪಾಡು ಮಾಡಿದೆ. ಅಪ್ಪನನ್ನು ಹೊರಸಿನ ಮೇಲೆ ಮಲಗಿಸಿ ನಾಲ್ವರು ಎತ್ತಿಕೊಂಡು ದಿಬ್ಬದ ಮೇಲಿನ ಶಾಲೆಗೆ ಒಯ್ದೆವು. ಮಗಳು ಒಂದು ಕೈಯಲ್ಲಿ ಅಜ್ಜನ ಔಷಧಿ ಚೀಲ, ಇನ್ನೊಂದು ಕೈಯಲ್ಲಿ ನನ್ನ ಅಂಗಿ ಹಿಡಿದುಕೊಂಡು ಬಂದಳು. ಮರುದಿನ ಸೈನ್ಯದ ಬೋಟು ಬಂತು. ಅದರಲ್ಲಿದ್ದ ಹುಡುಗರನ್ನು ನೋಡಿ ಎದೆ ತುಂಬಿತು, ಆದರೆ ಅವರ ಜೊತೆ ಇರಬೇಕಿತ್ತು ಅನ್ನಿಸಲಿಲ್ಲ. ಅವರು ತಮ್ಮ ಜಾಗದಲ್ಲಿದ್ದರು, ನಾನು ನನ್ನ ಜಾಗದಲ್ಲಿದ್ದೆ. ಸೈನ್ಯ ಬಿಟ್ಟ ವಿಷಯದಲ್ಲಿ ಮತ್ತೆ ಮನಸ್ಸು ಅಲುಗಾಡಿಲ್ಲ.

ನೀರಿಳಿದ ಮೇಲೆ ಧಾರವಾಡದಲ್ಲಿ ಕೋಚಿಂಗ್ ಸೇರಿದೆ. ನನಗಿಂತ ಹದಿನೈದು ವರ್ಷ ಚಿಕ್ಕವರ ನಡುವೆ ಕೂತೆ. ಬ್ಯಾಂಕ್ ಕ್ಲರ್ಕ್ ಪೂರ್ವಭಾವಿ ಪರೀಕ್ಷೆಯಲ್ಲಿ ಅರವತ್ತು ನಿಮಿಷಕ್ಕೆ ನೂರು ಪ್ರಶ್ನೆ. ಕಂಪ್ಯೂಟರ್ ಮೌಸ್ ಹಿಡಿಯುವುದರಿಂದ ಶುರು ಮಾಡಿದೆ. ಬಿಡಿಸಲಾಗದ ಗಣಿತವನ್ನು ರಾತ್ರಿ ಮಗಳಿಗೆ ಫೋನ್ ಮಾಡಿ ಕೇಳುತ್ತಿದ್ದೆ. ನಮ್ಮಿಬ್ಬರ ನಡುವೆ ಮಾತು ಶುರುವಾದದ್ದು ಲಾಭ ನಷ್ಟದ ಲೆಕ್ಕದಿಂದ. ಮೊದಲ ಸಲ ಆಗಲಿಲ್ಲ, ಆಮೇಲೆ ಆಯಿತು. ಈಗ ಜಿಲ್ಲೆಯಲ್ಲೇ ಒಂದು ಶಾಖೆಯ ಕೌಂಟರಿನಲ್ಲಿ ಕೆಲಸ ಮಾಡುತ್ತೇನೆ. ಪಿಂಚಣಿಯ ಜೊತೆ ಪಗಾರ ಬರುತ್ತದೆ. ನನ್ನ ಬ್ಯಾಚಿನ ಕೆಲವರು ಜೆಸಿಒ ಆಗಿದ್ದಾರೆ, ಅವರ ಪಿಂಚಣಿ ನನ್ನದಕ್ಕಿಂತ ಹೆಚ್ಚು ಬರುತ್ತದೆ. ಅದು ನಾನು ಕೊಟ್ಟ ಬೆಲೆ, ಗೊತ್ತಿದ್ದೇ ಕೊಟ್ಟದ್ದು. ಅಪ್ಪ ಇನ್ನೆರಡು ವರ್ಷ ಬದುಕಿದ. ಕೊನೆಯ ದಿನ ನಾನು ಮನೆಯಲ್ಲಿದ್ದೆ.

ಸೇವೆಯಲ್ಲಿರುವ ತಮ್ಮಂದಿರಿಗೆ ಇಷ್ಟೇ ಹೇಳುತ್ತೇನೆ. ಎಲ್ಲರೂ ಬಿಡಬೇಕೆಂದಲ್ಲ, ಉಳಿದು ಸುಬೇದಾರ್ ಮೇಜರ್ ಆಗುವವರೂ ಬೇಕು. ಆದರೆ ಹನ್ನೆರಡು ವರ್ಷ ತುಂಬಿದಾಗಲೇ ಯೋಚನೆ ಶುರು ಮಾಡಿ. ಗ್ರಾಜುಯೇಷನ್ ಸರ್ಟಿಫಿಕೇಟ್, ಕಂಪ್ಯೂಟರ್, ಇಂಗ್ಲಿಷ್ ಯೂನಿಟ್ಟಿನಲ್ಲಿದ್ದಾಗಲೇ ಮುಗಿಸಿಕೊಳ್ಳಿ. ಪಿಂಚಣಿ ಎಷ್ಟು ಎಂಬುದರ ಪಕ್ಕದಲ್ಲಿ ಹೊರಬರುವಾಗ ವಯಸ್ಸು ಎಷ್ಟು ಎಂಬುದನ್ನೂ ಬರೆಯಿರಿ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಆ ಕಾಗದ ತೋರಿಸಿ ಕೇಳಿ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ರಜೆಯಲ್ಲೇ ಒಮ್ಮೆ ಹೋಗಿ ಬನ್ನಿ.

ಊರಿನವರಿಗೂ ಒಂದು ಮಾತಿದೆ. 2022ರಿಂದ ಅಗ್ನಿವೀರರಾಗಿ ಸೇರುತ್ತಿರುವ ಮಕ್ಕಳಲ್ಲಿ ನಾಲ್ಕು ವರ್ಷದ ನಂತರ ಹೆಚ್ಚೆಂದರೆ ಶೇ 25 ಮಂದಿಯನ್ನು ಕಾಯಂ ಮಾಡಿಕೊಳ್ಳುವುದು ನಿಯಮ. ಉಳಿದವರು ಪಿಂಚಣಿ ಇಲ್ಲದೆ ಇಪ್ಪತ್ತರ ಹರೆಯದಲ್ಲೇ ಮನೆಗೆ ಬರುತ್ತಾರೆ. ನಾನು ಪಟ್ಟ ಈ ಹೊಯ್ದಾಟದ ಅವಕಾಶವೂ ಅವರಿಗಿಲ್ಲ, ತೀರ್ಮಾನ ಮೊದಲೇ ಆಗಿರುತ್ತದೆ. ಅವರು ನಿಮ್ಮ ಅಂಗಡಿಗೆ, ಕಾರ್ಖಾನೆಗೆ, ಕಚೇರಿಗೆ ಕೆಲಸ ಕೇಳಿಕೊಂಡು ಬಂದಾಗ ಗನ್ ಲೈಸೆನ್ಸ್ ಇದೆಯೇ ಎಂದು ಕೇಳಬೇಡಿ. ಏನು ಮಾಡಿ ಬಂದಿದ್ದೀಯಪ್ಪ, ಏನು ಕಲಿಯುತ್ತೀ ಎಂದು ಕೇಳಿ, ಕೂರಿಸಿಕೊಂಡು ಕೇಳಿ.