ಓಟಗಾರನ ಪಾದದಲ್ಲೊಂದು ಹೆಚ್ಚಿನ ಮೂಳೆ

ಮಾನವನ ಒಂದೊಂದು ಪಾದದಲ್ಲಿಯೂ 26 ಮೂಳೆಗಳಿವೆಯೆಂಬುದು ಪಾಠಪುಸ್ತಕದ ಮಾತು. ಆದರೆ ನಿಸರ್ಗವು ಎಲ್ಲರಿಗೂ ಒಂದೇ ಲೆಕ್ಕವನ್ನಿಡುವುದಿಲ್ಲ. ನೂರರಲ್ಲಿ ಸುಮಾರು ಹತ್ತು ಜನರಿಗೆ ಪಾದದ ಒಳಮಗ್ಗುಲಲ್ಲಿ, ದೋಣಿಯಾಕಾರದ ನ್ಯಾವಿಕ್ಯುಲರ್ ಮೂಳೆಯ ಪಕ್ಕದಲ್ಲಿ, ಇನ್ನೊಂದು ಕಿರುಮೂಳೆ ಇರುತ್ತದೆ. ಇದೇ ಆಕ್ಸೆಸರಿ ನ್ಯಾವಿಕ್ಯುಲರ್. ಇದು ರೋಗವಲ್ಲ, ಹುಟ್ಟಿನಿಂದ ಬಂದ ರಚನಾಭೇದ. ಬಹುಮಂದಿ ಇದರ ಅರಿವೇ ಇಲ್ಲದೆ ಬಾಳನ್ನು ಸಾಗಿಸುತ್ತಾರೆ.

ಆದರೆ ಓಡುವ, ನೆಗೆಯುವ ಎಳೆಯರಲ್ಲಿ ಕೆಲವರಿಗೆ ಇದೇ ನೋವಿನ ಮೂಲವಾಗುತ್ತದೆ. ಮೀನಖಂಡದಿಂದ ಹೊರಟು ಹರಡಿನ ಒಳಬದಿಯ ಹಿಂದಿನಿಂದ ಇಳಿದುಬರುವ ಬಲವಾದ ಸ್ನಾಯುರಜ್ಜುವೊಂದು ಪಾದದ ಕಮಾನನ್ನು ಎತ್ತಿಹಿಡಿಯುತ್ತದೆ. ಇಂಥವರಲ್ಲಿ ಆ ರಜ್ಜುವಿನ ಎಳೆಗಳು ಹೆಚ್ಚಿನ ಮೂಳೆಗೂ ಅಂಟಿರುತ್ತವೆ. ಆ ಮೂಳೆಗೂ ಮುಖ್ಯ ಮೂಳೆಗೂ ನಡುವೆ ಮೃದ್ವಸ್ಥಿಯ ಬೆಸುಗೆ ಮಾತ್ರವಿದ್ದರೆ, ಪ್ರತಿ ಹೆಜ್ಜೆಯ ಸೆಳೆತವೂ ಆ ಬೆಸುಗೆಯನ್ನು ಅಲುಗಿಸುತ್ತದೆ. ಅಲ್ಲಿ ಗಂಟಿನಂಥ ಉಬ್ಬು ಕಾಣುತ್ತದೆ, ಮುಟ್ಟಿದರೆ ನೋಯುತ್ತದೆ, ಬಿಗಿಯಾದ ಬೂಟು ಅದನ್ನು ಇನ್ನಷ್ಟು ಕೆರಳಿಸುತ್ತದೆ.

ಇಲ್ಲಿ ಎರಡು ತಪ್ಪುಗಳಾಗುವುದುಂಟು. ಬಿದ್ದ ಗುರುತಿಲ್ಲ, ಗಾಯವಿಲ್ಲ. ಆದುದರಿಂದ ಇದು ಸೋಮಾರಿಯ ನೆಪವೆಂದು ಹಿರಿಯರು ಬಗೆಯುವುದು ಒಂದು. ತಂಡದಲ್ಲಿನ ಸ್ಥಾನ ತಪ್ಪೀತೆಂಬ ಭಯದಿಂದ ವಿದ್ಯಾರ್ಥಿಯೇ ನೋವನ್ನು ನುಂಗಿಕೊಂಡು ಓಡುವುದು ಮತ್ತೊಂದು. ಎರಡರಿಂದಲೂ ಕೆಲವು ವಾರಗಳಲ್ಲಿ ಕಳೆಯಬಹುದಾದ ತೊಂದರೆ ತಿಂಗಳುಗಟ್ಟಲೆ ಬೆಳೆಯುತ್ತದೆ. ಕ್ಷ-ಕಿರಣದ ಚಿತ್ರವು ಮೂಳೆಯನ್ನು ತೋರಿಸಬಲ್ಲದೇ ಹೊರತು ನೋವನ್ನಲ್ಲ. ಎರಡೂ ಪಾದಗಳಲ್ಲಿ ಆ ಮೂಳೆಯಿದ್ದು ಒಂದೇ ಪಾದ ನೋಯುವುದೂ ಉಂಟು. ಆದ್ದರಿಂದ ವೈದ್ಯನು ಚಿತ್ರವನ್ನು ನೋಡುವುದರೊಡನೆ ಮಗುವಿನ ಮಾತನ್ನೂ ಕೇಳಬೇಕಾಗುತ್ತದೆ.

ಚಿಕಿತ್ಸೆ ಬಹುಪಾಲು ಸರಳವಾದುದು. ಓಟಕ್ಕೆ ಕೆಲಕಾಲ ವಿರಾಮ, ಮಂಜುಗಡ್ಡೆಯ ಶಾಖೋಪಶಮನ, ಸಡಿಲವಾದ ಪಾದರಕ್ಷೆ, ಕಮಾನಿಗೆ ಆಸರೆ ಕೊಡುವ ಮೆತ್ತೆ. ನೋವು ಹೆಚ್ಚಾದರೆ ಕೆಲವು ವಾರ ಪ್ಲಾಸ್ಟರ್ ಕಟ್ಟು. ಅನಂತರ ಸ್ನಾಯುಗಳಿಗೆ ಬಲಕೊಡುವ ವ್ಯಾಯಾಮ. ಇವುಗಳಿಂದ ಹಲವರು ಮೈದಾನಕ್ಕೆ ಮರಳುತ್ತಾರೆ. ಇಷ್ಟಕ್ಕೂ ಮಣಿಯದಿದ್ದರೆ ಮಾತ್ರ ಆ ಮೂಳೆಯನ್ನು ತೆಗೆಯುವ ಶಸ್ತ್ರಕ್ರಿಯೆ. ಕಿಡ್ನರ್ ಎಂಬ ವೈದ್ಯನು 1929ರಲ್ಲಿ ವಿವರಿಸಿದ ವಿಧಾನ ಇಂದಿಗೂ ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ದೇಹವನ್ನು ದೇಗುಲವೆಂದು ಕಂಡ ಶರಣರ ಪರಂಪರೆಯಲ್ಲಿ ದೇಹದ ನೋವನ್ನು ಆಲಿಸುವುದು ದೌರ್ಬಲ್ಯವೆನಿಸದು. ಪದಕಗಳನ್ನು ಎಣಿಸುವ ಶಾಲೆಯು ಕುಂಟುವ ಹೆಜ್ಜೆಯನ್ನೂ ಗಮನಿಸಬೇಕು. ನೋಯುತ್ತಿದೆಯೆಂದು ನಿರ್ಭಯವಾಗಿ ಹೇಳಬಲ್ಲ ವಿದ್ಯಾರ್ಥಿ, ಅದನ್ನು ನಂಬಿ ಕೇಳುವ ಗುರು, ಇವರಿಬ್ಬರೂ ಇರುವಲ್ಲಿ ಕ್ರೀಡೆಯು ನಿಜವಾದ ಶಿಕ್ಷಣವಾಗುತ್ತದೆ.