ಓದಿದ ಚೋಮ, ಕಂಡ ಚೋಮ

ಬಾಲ್ಯದಲ್ಲಿ ಮನಸ್ಸಿಗಿಳಿದ ಕಾದಂಬರಿಯನ್ನು ತೆರೆಯ ಮೇಲೆ ನೋಡಲು ಸ್ವಲ್ಪ ಧೈರ್ಯ ಬೇಕು. ಓದುಗನು ತಾನೇ ಮುಖ ಕೊಟ್ಟು, ದನಿ ಕೊಟ್ಟು ಸಾಕಿಕೊಂಡ ಪಾತ್ರವನ್ನು ಪರರ ಕೈಗೊಪ್ಪಿಸಿದಂತೆ ಅದು. ಕಾಸರಗೋಡಿನ ಕನ್ನಡ ಶಾಲೆಯೊಂದರಲ್ಲಿ ಓದಿದ ತಂದೆಯೊಬ್ಬರು ಈ ಕಾರಣಕ್ಕಾಗಿಯೇ ‘ಚೋಮನ ದುಡಿ’ ಚಿತ್ರವನ್ನು ಬಹುಕಾಲ ನೋಡಿರಲಿಲ್ಲ. ಒಂಬತ್ತನೆಯ ತರಗತಿಯ ಮಗಳು ಹಟ ಹಿಡಿದುದರಿಂದ ಒಂದು ಭಾನುವಾರ ಇಬ್ಬರೂ ಕುಳಿತು ನೋಡಿದರು.

ಶಿವರಾಮ ಕಾರಂತರು ಆ ಕಾದಂಬರಿಯನ್ನು ಬರೆದಾಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯದೇ ಭಾಗವಾಗಿತ್ತು. ಅದರ ಗುಡ್ಡ, ಬಯಲು, ಮಳೆಗಳು ಇಲ್ಲಿನವರಿಗೆ ಹೊಸತಲ್ಲ. ಹದಿಮೂರರ ಹುಡುಗನಿಗೆ ಅದು ಎರಡು ಎತ್ತುಗಳನ್ನು ಸಾಕಿ, ತುಂಡು ಹೊಲ ಉಳಲು ಹಂಬಲಿಸಿದ ಮುದುಕನ ಕಥೆಯಾಗಿತ್ತು, ಅಷ್ಟೇ.

ಬಿ. ವಿ. ಕಾರಂತರು ನಿರ್ದೇಶಿಸಿದ 1975ರ ಈ ಕಪ್ಪು-ಬಿಳುಪು ಚಿತ್ರಕ್ಕೆ ಸ್ವರ್ಣಕಮಲವೂ, ಚೋಮನಾದ ಎಂ. ವಿ. ವಾಸುದೇವ ರಾವ್ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿಯೂ ಸಂದಿವೆ. ತಂದೆಯ ಅಳುಕು ಬೇಗನೆ ಕರಗಿತು. ಪುಟದಲ್ಲಿ ಊಹಿಸಿಕೊಳ್ಳಬೇಕಾಗಿದ್ದ ದುಡಿ ಇಲ್ಲಿ ಕಿವಿಗೇ ಬಡಿಯುತ್ತಿತ್ತು. ಆದರೆ ನೀಲ ನೀರಿನಲ್ಲಿ ಮುಳುಗುತ್ತಿರುವಾಗ, ಮುಟ್ಟಿದರೆ ಮೈಲಿಗೆಯೆಂದು ದಡದಲ್ಲೇ ನಿಂತ ಜನರನ್ನು ಕಂಡು ಮಗಳು ತಲೆತಗ್ಗಿಸಿದಳು.

ಚಿತ್ರ ಮುಗಿದ ಮೇಲೆ ಅವಳು ಕೇಳಿದಳು: “ಅಪ್ಪಾ, ಚೋಮನಿಗೆ ಭೂಮಿ ಕೊಡಿಸುವ ಕಾನೂನು ಇರಲಿಲ್ಲವೇ?”

“ಆಗ ಇರಲಿಲ್ಲ ಮಗಳೇ. ಬಂದ ಮೇಲೂ ಅವನಿಗೆ ಹೊಲ ಸಿಗುತ್ತಿತ್ತೆಂದು ಹೇಳುವಂತಿಲ್ಲ.”

ಅವರು ಬಿಡಿಸಿ ಹೇಳಿದರು. ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿದಾರರ ಭೂಮಿಯ ಮೇಲಿನ ಧಣಿಗಳ ಹಕ್ಕು ಸರಕಾರಕ್ಕೆ ಸೇರಿ, ಉಳುತ್ತಿದ್ದ ಗೇಣಿದಾರನು ಒಡೆಯನಾಗುವ ದಾರಿ ತೆರೆಯಿತು. ಧಣಿಯ ಜಮೀನಿನಲ್ಲಿ ಗುಡಿಸಲು ಕಟ್ಟಿಕೊಂಡಿದ್ದವನಿಗೆ ಪಂಚಾಯತು ಪ್ರದೇಶದಲ್ಲಿ ದೊರೆತುದು 10 ಸೆಂಟ್ಸ್. ಚೋಮ ಗೇಣಿದಾರನೇ ಅಲ್ಲ. ಉಳಲು ಅವನಿಗೆ ಯಾರೂ ಭೂಮಿ ಕೊಟ್ಟಿರಲಿಲ್ಲ. ಉಳುವವನಿಗೆ ಹೊಲವೆಂದ ಕಾನೂನು, ಉಳಲು ಬಿಡದವನನ್ನು ಗುಡಿಸಲಿನ ಅಂಗಳದಲ್ಲೇ ನಿಲ್ಲಿಸಿತು. ಸಾಲಕ್ಕೆ ದುಡಿಯುವ ಜೀತವನ್ನು ದೇಶದಲ್ಲಿ ರದ್ದುಗೊಳಿಸಿದ ಸುಗ್ರೀವಾಜ್ಞೆ ಹೊರಟುದು, ಚಿತ್ರದ ವರುಷವಾದ 1975ರಲ್ಲಿ.

ಮಗಳು ಬಹಳ ಹೊತ್ತು ಮಾತಾಡಲಿಲ್ಲ. ಮರುದಿನ ಶಾಲೆಯ ಗ್ರಂಥಾಲಯದಿಂದ ಕಾದಂಬರಿಯನ್ನು ತಂದಳು. ಭೂಮಿ ಕೊಡಲು ಸಂಕಪ್ಪಯ್ಯನ ಮನಸ್ಸು ಮೆತ್ತಗಾದುದು, ತಾಯಿಯ ಮಾತು ಅದಕ್ಕೆ ಅಡ್ಡ ಬಂದುದು, ಆ ನಡುವೆ ಚೋಮನೊಳಗೆ ಆಸೆ ಏರಿ ಇಳಿದುದು – ಇವುಗಳ ಮುಂದೆ ಅವಳು ನಿಂತು ನಿಂತು ಓದಿದಳು. ತೆರೆ ಮುಖವನ್ನು ತೋರಿಸಿತ್ತು. ಆ ಮುಖದ ಹಿಂದಿನ ಲೆಕ್ಕಾಚಾರ ಪುಟಗಳಲ್ಲಿತ್ತು. ಚಿತ್ರವನ್ನು ಭಾಷೆ ತಿಳಿಯದ ನೆರೆಮನೆಯ ಗೆಳತಿಯೂ ಕಣ್ಣೀರಿನೊಡನೆ ನೋಡಬಲ್ಲಳು. ಕಾರಂತರ ಮಾತಿನಲ್ಲೇ ಚೋಮನನ್ನು ಅರಿಯಲು ಮಾತ್ರ ಕನ್ನಡವೇ ಬೇಕು.

ಆ ಮನೆಯಲ್ಲಿ ಈಗ ಕಿರಿಯ ಮಗನನ್ನು ಜೂನ್‌ನಲ್ಲಿ ಯಾವ ಮಾಧ್ಯಮಕ್ಕೆ ಸೇರಿಸುವುದೆಂಬ ಚರ್ಚೆ ನಡೆದಿದೆ. ಹಿರಿಯರ ವಾದಗಳ ನಡುವೆ ಅಕ್ಕ ಕೇಳಿದ್ದು ಒಂದೇ ಮಾತು: “ತಮ್ಮನಿಗೆ ಈ ಪುಸ್ತಕವನ್ನು ಯಾವಾಗಲೂ ನಾನೇ ಓದಿ ಹೇಳಬೇಕೇ?”