ತಪ್ಪಿದ ತಾಳ

ಮಾರ್ಗಶಿರ ಮಾಸ ಕಾಲಿಟ್ಟಿತೆಂದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಬಯಲಿನ ಮೇಲೆ ಮಂಜು ಇಳಿಯತೊಡಗುತ್ತದೆ. ಕಣದಲ್ಲಿ ಒಟ್ಟಿದ ರಾಗಿಯ ಮೆದೆ ತೋಯುತ್ತದೆ. ಕೆರೆಯ ಏರಿಯ ಮೇಲಿನ ಹುಣಿಸೆಯ ಮರ ಹೊತ್ತೇರಿದರೂ ಮಸುಕಾಗಿಯೇ ನಿಂತಿರುತ್ತದೆ. ಅವರೆಕಾಯಿಗೆ ಸೊಗಡು ತುಂಬುವುದು ಈ ಇಬ್ಬನಿಯಿಂದಲೇ ಎಂದು ರೈತರು ಹೇಳುತ್ತಾರೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ, ಇಲ್ಲಿನ ಮಂಜು ವಿಮಾನಗಳನ್ನೂ ಕಾಯಿಸಬಲ್ಲದೆಂಬುದು ನಗರದವರಿಗೂ ತಿಳಿಯಿತು. ಆದರೆ ಹಳೆಯ ವಾಹನವೊಂದನ್ನು ಅಂಗಳದಲ್ಲಿ ನಿಲ್ಲಿಸಿಕೊಂಡವರು ಆ ಪಾಠವನ್ನು ಬಹು ಹಿಂದೆಯೇ ಕಲಿತಿದ್ದರು. ರಾತ್ರಿಯೆಲ್ಲ ಬಯಲಿನಲ್ಲಿ ನೆನೆದ ಕಾರು ಬೆಳಗ್ಗೆ ಕೀಲಿ ತಿರುವಿದೊಡನೆ ನರಳುತ್ತದೆ. ಹೇಗೋ ಹತ್ತಿಕೊಂಡರೂ ಮೈಯೆಲ್ಲ ನಡುಗುತ್ತದೆ. ಓಡುವ ಲಯದಲ್ಲಿ ನಡುನಡುವೆ ಒಂದೊಂದು ಪೆಟ್ಟು ಬಿಟ್ಟುಹೋಗುತ್ತದೆ. ‘ಗಾಡಿ ಮಿಸ್ಸಿಂಗ್ ಹೊಡೆಯುತ್ತಿದೆ’ ಎಂದು ಗ್ಯಾರೇಜಿನವರು ಹೇಳುವುದು ಇದನ್ನೇ.

ಬಿಟ್ಟುಹೋದ ಪೆಟ್ಟು ಯಾವುದೆಂದು ತಿಳಿಯಬೇಕಾದರೆ ಬೀಳಬೇಕಾದ ಪೆಟ್ಟುಗಳ ಕ್ರಮವನ್ನು ಮೊದಲು ತಿಳಿಯಬೇಕು. ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೆ ತಯಾರಾಗುತ್ತಿದ್ದ ಅಂಬಾಸಿಡರ್ ಕಾರನ್ನೇ ತೆಗೆದುಕೊಳ್ಳಬಹುದು. ಅದರ ಹಳೆಯ ಪೆಟ್ರೋಲ್ ಎಂಜಿನ್ನಿನಲ್ಲಿ ಸಾಲಾಗಿ ನಾಲ್ಕು ಸಿಲಿಂಡರುಗಳಿವೆ. ಪ್ರತಿಯೊಂದೂ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಗೆಳೆದುಕೊಂಡು, ಅದನ್ನು ಅದುಮಿ, ಕಿಡಿ ತಗುಲಿದಾಗ ಉರಿಸಿ, ಉಳಿದ ಹೊಗೆಯನ್ನು ಹೊರಕ್ಕೆ ದಬ್ಬುತ್ತದೆ. ಕಿಡಿ ಬೀಳುವುದು ಮೊದಲು ಒಂದನೆಯದಕ್ಕೆ, ಆಮೇಲೆ ಮೂರನೆಯದಕ್ಕೆ, ಆಮೇಲೆ ನಾಲ್ಕನೆಯದಕ್ಕೆ, ಕೊನೆಗೆ ಎರಡನೆಯದಕ್ಕೆ. ನಿಮಿಷಕ್ಕೆ 800 ಸುತ್ತು ತಿರುಗುತ್ತ ಎಂಜಿನ್ ಸುಮ್ಮನೆ ನಿಂತಿರುವಾಗಲೂ ಒಟ್ಟು 1600 ಕಿಡಿಗಳು ಬೀಳಬೇಕು. ಬ್ಯಾಟರಿಯ 12 ವೋಲ್ಟುಗಳನ್ನು ಕಾಯಿಲ್ ಎಂಬ ತಂತಿಯ ಸುರುಳಿ ಹಲವು ಸಾವಿರ ವೋಲ್ಟುಗಳಿಗೆ ಏರಿಸಿ ಕೊಡುತ್ತದೆ. ಅದನ್ನು ಡಿಸ್ಟ್ರಿಬ್ಯೂಟರ್ ಎಂಬ ಭಾಗ, ಪಂಕ್ತಿಯಲ್ಲಿ ಬಡಿಸುವವನಂತೆ, ಸರದಿಯ ಪ್ರಕಾರ ನಾಲ್ಕು ಸ್ಪಾರ್ಕ್ ಪ್ಲಗ್ಗುಗಳಿಗೂ ಹಂಚುತ್ತದೆ. ಪ್ಲಗ್ಗಿನ ತುದಿಯಲ್ಲಿ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚಿನ ಒಂದು ಸಂದು ಉಂಟು. ವಿದ್ಯುತ್ತು ಆ ಸಂದನ್ನು ಹಾರಿದರೆ ಕಿಡಿ. ಹಾರದಿದ್ದರೆ ಒಬ್ಬ ಉಣ್ಣದೆ ಉಳಿದಂತೆ, ಒಂದು ಪೆಟ್ಟು ತಪ್ಪಿದಂತೆ.

ಇಷ್ಟೆಲ್ಲಕ್ಕೂ ಚಳಿಯೇ ಕಾರಣವೆಂದು ಜನ ಚಳಿಯನ್ನು ಬೈಯುವುದುಂಟು. ಅದು ಪೂರ್ತಿ ನ್ಯಾಯವಲ್ಲ. ಬೆಂಗಳೂರಿನಲ್ಲಿ ದಾಖಲಾದ ಅತ್ಯಂತ ಕಡಿಮೆ ಉಷ್ಣತೆ 1884ರ ಜನವರಿ 13ರಂದು 7.8 ಡಿಗ್ರಿ ಸೆಲ್ಸಿಯಸ್. ನೀರು ಹೆಪ್ಪುಗಟ್ಟುವ ದೇಶಗಳಲ್ಲಿಯೂ ಕಾರುಗಳು ಬೆಳಗ್ಗೆ ಹೊರಡುತ್ತವೆ. ಚಳಿಯಲ್ಲಿ ಪೆಟ್ರೋಲು ಸುಲಭವಾಗಿ ಆವಿಯಾಗದೆಂಬುದು ನಿಜ. ಅದಕ್ಕಾಗಿಯೇ ಚೋಕ್ ಎಳೆದು ಗಾಳಿಯನ್ನು ತಗ್ಗಿಸಿ ಪೆಟ್ರೋಲಿನ ಪಾಲನ್ನು ಹೆಚ್ಚಿಸುವ ಏರ್ಪಾಡು ಇದ್ದಿತು. ಬ್ಯಾಟರಿಯ ಕಸುವು ಚಳಿಯಲ್ಲಿ ಇಳಿಯುವುದೂ ನಿಜ. ಆದರೆ ಈ ಸೀಮೆಯ ಹಳೆಯ ವಾಹನಗಳನ್ನು ಹೆಚ್ಚಾಗಿ ಕಾಡುವುದು ಚಳಿಯಲ್ಲ, ತೇವ. ಕಾಲುವೆಯಲ್ಲಿ ಹರಿಯಬೇಕಾದ ನೀರು ಇಲಿಯ ಬಿಲದಲ್ಲಿ ಸೋರಿಹೋಗುವಂತೆ, ಪ್ಲಗ್ಗಿಗೆ ಹೋಗಬೇಕಾದ ವಿದ್ಯುತ್ತು ಒದ್ದೆಯಾದ ಹಾದಿ ಸಿಕ್ಕಿದರೆ ಅದನ್ನೇ ಹಿಡಿದು ಎಂಜಿನ್ನಿನ ಕಬ್ಬಿಣಕ್ಕೆ ಇಳಿದುಬಿಡುತ್ತದೆ. ಹೊಸ ತಂತಿಯ ಮೇಲೆ ಇಬ್ಬನಿ ಕುಳಿತರೆ ಹೆಚ್ಚು ಹಾನಿಯಿಲ್ಲ. ವರ್ಷಗಳ ಬಿಸಿಲಿಗೂ ಎಣ್ಣೆಗೂ ಸಿಕ್ಕಿ ಬಿರಿದ ತಂತಿಯ ಮೇಲೆ ಕುಳಿತರೆ ಸೋರಿಕೆಗೆ ದಾರಿಯಾಯಿತು. ಬಿರುಕು ಬಿಡಿಸಿದ್ದು ವಯಸ್ಸು. ಅದನ್ನು ತೋರಿಸಿಕೊಟ್ಟದ್ದು ಮಾತ್ರ ಚಳಿಗಾಲ.

ಆದುದರಿಂದ ಒಳ್ಳೆಯ ಮೇಸ್ತ್ರಿ ಸ್ಪ್ಯಾನರ್ ಹಿಡಿಯುವ ಮುನ್ನ ‘ಯಾವಾಗ?’ ಎಂದು ಕೇಳುತ್ತಾನೆ. ಬೆಳಗ್ಗೆ ಮಾತ್ರವೋ, ಬಿಸಿಯಾದ ಮೇಲೋ? ಏರು ಹತ್ತುವಾಗಲೋ, ಸುಮ್ಮನೆ ನಿಂತಾಗಲೋ? ತಣ್ಣಗಿದ್ದಾಗ ಕಾಡಿ, ಕಾದ ಮೇಲೆ ಮಾಯವಾಗುವ ದೋಷಕ್ಕೆ ತೇವವನ್ನೋ ಚೋಕನ್ನೋ ಮೊದಲು ಸಂಶಯಿಸಬೇಕು. ಕಾದ ಮೇಲೆ ಕಾಣಿಸಿಕೊಳ್ಳುವುದಾದರೆ ಕಾಯಿಲ್, ಕಂಡೆನ್ಸರುಗಳ ಕಡೆಗೆ ನೋಡಬೇಕು. ಎರಡನೆಯ ಹೆಜ್ಜೆ, ದುಡಿಯದೆ ಕುಳಿತ ಸಿಲಿಂಡರ್ ಯಾವುದೆಂದು ಹುಡುಕುವುದು. ಎಂಜಿನ್ ಓಡುತ್ತಿರುವಾಗಲೇ, ವಿದ್ಯುತ್ತು ಕೈಗೆ ತಗುಲದಂತಹ ಹಿಡಿಯುಳ್ಳ ಇಕ್ಕಳದಿಂದ, ಒಂದೊಂದೇ ಪ್ಲಗ್ಗಿನ ತಂತಿಯನ್ನು ಕ್ಷಣಕಾಲ ಬಿಡಿಸಿ ಕಿವಿಗೊಡುತ್ತಾನೆ. ಸದ್ದು ಕುಗ್ಗಿದರೆ ಅದು ದುಡಿಯುತ್ತಿದ್ದ ಸಿಲಿಂಡರ್. ಬಿಡಿಸಿದರೂ ಸದ್ದಿನಲ್ಲಿ ವ್ಯತ್ಯಾಸವೇ ಇಲ್ಲವಾದರೆ ಮೈಗಳ್ಳ ಅದೇ. ಇದು ಕೈಪಳಗಿದವರ ಕೆಲಸ. ಆ ವಿದ್ಯುತ್ತಿನ ಹೊಡೆತ ತಮಾಷೆಯದಲ್ಲ.

ಪ್ಲಗ್ಗನ್ನು ಬಿಚ್ಚಿ ನೋಡುವುದೆಂದರೆ ವೈದ್ಯ ನಾಲಗೆಯನ್ನು ನೋಡಿದ ಹಾಗೆ. ತುದಿ ತಿಳಿಗಂದಾಗಿದ್ದರೆ ಆರೋಗ್ಯ. ಒಣಗಿದ ಕಪ್ಪು ಮಸಿ ಕಟ್ಟಿದ್ದರೆ ಪೆಟ್ರೋಲು ಅತಿಯಾಗಿದೆ. ಜಿಡ್ಡಿನ ಕಪ್ಪಾದರೆ ಎಣ್ಣೆ ಒಳನುಗ್ಗುತ್ತಿದೆ, ಎಂಜಿನ್ನೇ ಸವೆದಿದೆ. ಅದು ದೊಡ್ಡ ಖರ್ಚಿನ ಮಾತು. ಬಿಳುಚಿಕೊಂಡಿದ್ದರೆ ಪೆಟ್ರೋಲು ಸಾಲದಾಗಿದೆ, ಇಲ್ಲವೆ ಪ್ಲಗ್ ಅತಿಯಾಗಿ ಕಾಯುತ್ತಿದೆ.

ಈಚಿನ ಕಾರುಗಳಲ್ಲಿ ಕಾರ್ಬುರೇಟರೂ ಇಲ್ಲ, ಚೋಕೂ ಇಲ್ಲ. ಪುಟ್ಟ ಗಣಕವೊಂದು ಪ್ರತಿಯೊಂದು ಪೆಟ್ಟನ್ನೂ ಎಣಿಸುತ್ತದೆ. ಸ್ಕ್ಯಾನರ್ ಚುಚ್ಚಿದರೆ ‘ಪಿ0301’ ಎಂಬ ಸಂಕೇತ ಕಾಣಿಸುತ್ತದೆ. ಒಂದನೆಯ ಸಿಲಿಂಡರಿನಲ್ಲಿ ಪೆಟ್ಟು ತಪ್ಪಿದೆಯೆಂದು ಅದರ ಅರ್ಥ. ಯಾವುದು ಎಂಬುದನ್ನು ಅದು ಹೇಳುತ್ತದೆ, ಏಕೆ ಎಂಬುದನ್ನು ಹೇಳುವುದಿಲ್ಲ. ಇನ್ನೂ ಓಡುತ್ತಿರುವ ಹಳೆಯ ಕಾರುಗಳಿಗಂತೂ ಈಗ ಹೊಸದೊಂದು ಚಿಂತೆ ಸೇರಿದೆ. ಪೆಟ್ರೋಲಿಗೆ ಶೇಕಡಾ 20ರಷ್ಟು ಎಥನಾಲ್ ಬೆರೆಯುತ್ತಿದೆ. ಅದಕ್ಕೆ ನೀರನ್ನು ಹೀರಿಕೊಳ್ಳುವ ಗುಣವಿದೆ. ಹಳೆಯ ರಬ್ಬರಿನ ಕೊಳವೆಗಳಿಗೂ ಅದು ಹಿತವಲ್ಲ. ವಾರಗಟ್ಟಲೆ ಕದಲದೆ ನಿಂತ ಕಾರಿನಲ್ಲಿ ತೇವ ಹೊರಗಿನಿಂದ ಮಾತ್ರವಲ್ಲ, ತೊಟ್ಟಿಯ ಒಳಗಿನಿಂದಲೂ ಬರಬಹುದು.

ಸ್ಕ್ಯಾನರ್ ಇಲ್ಲದ 1980ರ ದಶಕದಲ್ಲಿ ದೊಡ್ಡಬಳ್ಳಾಪುರದ ಬಾಡಿಗೆ ಕಾರಿನವನೊಬ್ಬನಿಗೆ ಇದೇ ಬಾಧೆ ತಗುಲಿತು. ಅವನ ಸಂಸಾರವೆಲ್ಲ ಒಂದು ಹಳೆಯ ಅಂಬಾಸಿಡರಿನ ದುಡಿಮೆಯನ್ನು ನಂಬಿಕೊಂಡಿತ್ತು. ಘಾಟಿಯ ದನಗಳ ಜಾತ್ರೆಯ ದಿನಗಳು ಹತ್ತಿರವಾಗಿದ್ದವು. ಬಾಡಿಗೆಗೆ ಬಿಡುವಿಲ್ಲದ ಕಾಲ. ಅದಕ್ಕಿಂತ ಮಿಗಿಲಾಗಿ, ನೇಕಾರರ ಬೀದಿಯಲ್ಲಿ ಒಬ್ಬಳು ಹೆಣ್ಣುಮಗಳಿಗೆ ದಿನ ತುಂಬಿತ್ತು. ಮೊದಲನೆಯ ಹೆರಿಗೆ ಕಷ್ಟವಾಗಿದ್ದುದರಿಂದ ಈ ಸಲ ಬೆಂಗಳೂರಿಗೇ ಕರೆದೊಯ್ಯಬೇಕೆಂದು ಮನೆಯವರು ನಿಶ್ಚಯಿಸಿದ್ದರು. ಯಾವ ಹೊತ್ತಿಗೆ ಕರೆದರೂ ಬರುವೆನೆಂದು ಅವನು ಮಾತು ಕೊಟ್ಟಿದ್ದನು. ಕಾರಾದರೋ ಬೆಳಗಿನ ಹೊತ್ತು ಮೂರು ಕಾಲಿನ ಕುದುರೆಯಂತೆ ಕುಂಟುತ್ತಿತ್ತು. ಒಬ್ಬರ ಮಾತು ಕೇಳಿ ಪ್ಲಗ್ಗುಗಳನ್ನು ಬದಲಾಯಿಸಿದನು. ಇನ್ನೊಬ್ಬರ ಮಾತು ಕೇಳಿ ಕಾರ್ಬುರೇಟರನ್ನು ಬಿಚ್ಚಿಸಿದನು. ಮತ್ತೊಬ್ಬರ ಮಾತು ಕೇಳಿ ಕೈಸಾಲ ಮಾಡಿ ಹೊಸ ಬ್ಯಾಟರಿ ತಂದನು. ಕುಂಟು ಮಾತ್ರ ಹಾಗೆಯೇ ಉಳಿಯಿತು.

ಕೊನೆಗೆ ಅವನು ಬಂದದ್ದು ಊರಂಚಿನ ಗ್ಯಾರೇಜಿನ ಮುದುಕ ಮೇಸ್ತ್ರಿಯ ಬಳಿಗೆ. ಆಗ ಹೊತ್ತು ಹತ್ತು ಗಂಟೆ. ಎಂಜಿನ್ ಮಗ್ಗದ ಸದ್ದಿನಂತೆ ಸಮನಾಗಿ ಓಡುತ್ತಿತ್ತು.

“ಈಗೇನೂ ಇಲ್ವಲ್ಲಪ್ಪ” ಎಂದನು ಮೇಸ್ತ್ರಿ.

“ಬಿಸಿಲು ಬಂದ್ಮೇಲೆ ಏನೂ ಇರಲ್ಲ ಮೇಸ್ತ್ರೀ. ಬೆಳಗಿನ ಜಾವ ನೋಡ್ಬೇಕು ಇದರ ಆಟ.”

“ಹಾಗಾದ್ರೆ ಬೆಳಗಿನ ಜಾವವೇ ನೋಡೋಣ. ಗಾಡಿ ಇಲ್ಲೇ ಬಯಲಲ್ಲಿ ಬಿಟ್ಟು ಹೋಗು. ನಡುವೆ ಆ ಮನೆಯವರು ಕರೆದ್ರೆ ನನ್ನೂ ಎಬ್ಬಿಸು.”

ಇಷ್ಟು ಸಣ್ಣ ಮಾತು ಅದುವರೆಗೆ ಯಾರಿಗೂ ಹೊಳೆದಿರಲಿಲ್ಲ. ಎಲ್ಲರೂ ರೋಗ ಬಿಟ್ಟುಹೋದ ಮೇಲೆ ರೋಗಿಯ ನಾಡಿ ಹಿಡಿದಿದ್ದರು.

ಮರುದಿನ ಐದು ಗಂಟೆಗೆ, ಇನ್ನೂ ಕತ್ತಲಿರುವಾಗ, ಮೇಸ್ತ್ರಿ ಕಂಬಳಿ ಹೊದ್ದು ಬಂದನು. ಕಾರಿನ ಮೈಯಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು. ಎಂಜಿನ್ ಹತ್ತಿ ಕುಂಟತೊಡಗಿತು. ಒಂದೊಂದೇ ತಂತಿಯನ್ನು ಬಿಡಿಸಿ ನೋಡಿದಾಗ ಮೂರನೆಯ ಸಿಲಿಂಡರ್ ಸಿಕ್ಕಿಬಿದ್ದಿತು. ಎಂಜಿನ್ ನಿಲ್ಲಿಸಿ ಮೂರನೆಯ ಪ್ಲಗ್ಗನ್ನು ಒಂದಕ್ಕೂ ಒಂದರದನ್ನು ಮೂರಕ್ಕೂ ಹಾಕಿದನು. ದೋಷ ಪ್ಲಗ್ಗಿನ ಸಂಗಡ ಹೋಗಲಿಲ್ಲ, ಮೂರರಲ್ಲಿಯೇ ಉಳಿಯಿತು. ತಂತಿಯನ್ನು ತೆಗೆದು ಬೇರೊಂದನ್ನು ಸಿಕ್ಕಿಸಿದನು, ಆಗಲೂ ಮೂರರಲ್ಲಿಯೇ. ಆಮೇಲೆ ಲಾಟೀನನ್ನು ದೂರ ಇಡಿಸಿ ಕತ್ತಲಲ್ಲಿ ಬಗ್ಗಿ ನೋಡುತ್ತ ನಿಂತನು. ಡಿಸ್ಟ್ರಿಬ್ಯೂಟರಿನ ಮುಚ್ಚಳದ ಮೇಲೆ, ಮೂರನೆಯ ತಂತಿಯ ಬುಡದಿಂದ ಮುಚ್ಚಳವನ್ನು ಬಿಗಿಹಿಡಿದ ಉಕ್ಕಿನ ಕೊಂಡಿಯವರೆಗೆ, ನೀಲಿಯ ಎಳೆಯೊಂದು ಮಿಣುಕಿ ಮಿಣುಕಿ ಹರಿದಾಡುತ್ತಿತ್ತು. ಕಾರಿನವನನ್ನು ಹತ್ತಿರ ಕರೆದು ತೋರಿಸಿದನು. ಬೆಳಕಿನಲ್ಲಿ ನೋಡಿದರೆ ಅಲ್ಲಿದ್ದುದು ಕೂದಲೆಳೆಯಷ್ಟು ತೆಳುವಾದ ಒಂದು ಬಿರುಕು, ಅಷ್ಟೆ. ರಾತ್ರಿಯ ತೇವ ಅದರಲ್ಲಿ ಇಳಿಯುತ್ತಿತ್ತು. ಎಂಜಿನ್ ಕಾದಂತೆಲ್ಲ ಆರಿಹೋಗುತ್ತಿತ್ತು.

ಹೊಸ ಮುಚ್ಚಳ ಅದೇ ದಿನ ಮಧ್ಯಾಹ್ನ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಸ್ಸಿನಲ್ಲಿ ಬಂದಿತು. ಆ ಬ್ಯಾಟರಿಗೆ ಕೊಟ್ಟ ಹಣದಲ್ಲಿ ಅಂತಹ ಹಲವು ಮುಚ್ಚಳಗಳನ್ನು ಕೊಳ್ಳಬಹುದಾಗಿತ್ತು. ಮೇಸ್ತ್ರಿ ಹಳೆಯದನ್ನು ಎಸೆಯದೆ ಗ್ಯಾರೇಜಿನ ಗೋಡೆಗೆ ಮೊಳೆ ಹೊಡೆದು ನೇತುಹಾಕಿದನು. ಕೆಲಸ ಕಲಿಯಲು ಬಂದ ಹುಡುಗರ ಕೈಗೆ ಅದನ್ನು ಕೊಟ್ಟು ಬಿರುಕು ಎಲ್ಲಿದೆ ಹುಡುಕಿರೆಂದು ಹೇಳುವುದು ಅವನ ಪದ್ಧತಿಯಾಯಿತು.

ನಾಲ್ಕನೆಯ ರಾತ್ರಿ ಎರಡು ಗಂಟೆಯ ಹೊತ್ತಿಗೆ ನೇಕಾರರ ಮನೆಯವರು ಬಂದು ಬಾಗಿಲು ತಟ್ಟಿದರು. ಕಾರಿನವನು ಗಾಜಿನ ಮೇಲಿನ ಇಬ್ಬನಿಯನ್ನು ಟವಲಿನಿಂದ ಒರೆಸಿ, ಚೋಕ್ ಎಳೆದು ಕೀಲಿ ತಿರುವಿದನು. ಎಂಜಿನ್ ಎರಡು ಸುತ್ತು ನರಳಿ ಹತ್ತಿಕೊಂಡಿತು. ಊರು ದಾಟುವ ಹೊತ್ತಿಗೆ ಚೋಕನ್ನು ಒಳಕ್ಕೆ ತಳ್ಳಿದನು. ರಾಜಾನುಕುಂಟೆಯ ಬಳಿ ಮಂಜು ದಟ್ಟವಾಗಿ, ಎದುರಿನ ದಾರಿ ಕಾಣದೆ, ಬಹು ದೂರ ನಿಧಾನವಾಗಿ ಹೋಗಬೇಕಾಯಿತು. ಹಿಂದಿನ ಸೀಟಿನಲ್ಲಿ ತಾಯಿ ಮಗಳ ಕೈಹಿಡಿದು ಕುಳಿತಿದ್ದಳು. ಅವನು ಕಿವಿಯನ್ನೆಲ್ಲ ಎಂಜಿನ್ನಿಗೆ ಕೊಟ್ಟು ಎಣಿಸುತ್ತಿದ್ದನು. ಒಂದು ಪೆಟ್ಟೂ ಬಿಡಲಿಲ್ಲ. ವಾಣಿವಿಲಾಸ ಆಸ್ಪತ್ರೆಯ ಬಾಗಿಲಲ್ಲಿ ಕಾರು ನಿಂತಾಗ ಇನ್ನೂ ಬೆಳಕು ಹರಿದಿರಲಿಲ್ಲ.